ಕಿಲ್ಲೆಗೆ ಹೋದ ಚಿಪ್ಪುಗಲ್ಲು

ಕಲ್ಲು ಕಲಸಿದವನು ನನ್ನ ಮಗ. ಪುಣೆಯ ನಮ್ಮ ವಸತಿ ಸೊಸೈಟಿಯ ಹುಡುಗರಲ್ಲ, ನೀರು ಬಿಡುವ ವಾಚ್‌ಮನ್ ಅಲ್ಲ, ಗ್ರಹಗತಿಯಂತೂ ಅಲ್ಲವೇ ಅಲ್ಲ. ಐವತ್ತು ದಾಟಿದ, ಕೂದಲಿಗೆ ಬಣ್ಣ ಹಚ್ಚುವ ನನ್ನ ಮಗ ವಸಂತ, ತನ್ನ ಮಗಳು ಹಿಮಾಲಯದಿಂದ ಹೊತ್ತು ತಂದ ಕಲ್ಲುಗಳನ್ನು ತೆಗೆದು ದೀಪಾವಳಿಯ ಕಿಲ್ಲೆ, ಅಂದರೆ ಆಟದ ಕೋಟೆ, ಕಟ್ಟಿದ. ನಡೆದದ್ದು ಇಷ್ಟೇ. ಈಗ ಮನೆಯಲ್ಲಿ ಈ ಕತೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸೊಸೆ ಹೇಳುವಾಗ ಅವಳ ಗಂಡನ ತಪ್ಪು ಅರ್ಧವಾಗುತ್ತದೆ, ಮಗ ಹೇಳುವಾಗ ಪೂರಾ ಮಾಯವಾಗುತ್ತದೆ. ಅದಕ್ಕೇ ನಾನು ಬರೆದಿಡುತ್ತಿದ್ದೇನೆ. ನಾಲ್ಕನೆಯ ಇಯತ್ತೆವರೆಗೆ ಕಲಿತವಳ ಬರವಣಿಗೆ. ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದನ್ನು ತಿದ್ದಬೇಡಿ.

ಮೊನ್ನೆ ಮೊಮ್ಮಗಳ ಪ್ರಯಾಣಕ್ಕೆ ಚೀಲ ತೆಗೆದುಕೊಡುವಾಗ ಗಿಳಿಹಸಿರು ಬಣ್ಣದ ಲಾಡಿ ಚೀಲವೊಂದು ಕೈಗೆ ಬಂತು. ನನ್ನ ಹಳೆಯ ಲಂಗದ ಬಟ್ಟೆ. ಒಂದು ಮೂಲೆಗೆ ಕೆಮ್ಮಣ್ಣಿನ ಕಲೆ, ಎಷ್ಟು ತಿಕ್ಕಿದರೂ ಹೋಗಿಲ್ಲ. ಅದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಚೀಲ ಹೊಲಿಯುವುದು ನನಗೆ ನನ್ನ ಅವ್ವನಿಂದ ಬಂದ ಚಟ. ಸವದತ್ತಿ ಕಡೆಯ ನಮ್ಮ ಮನೆಯ ಒಳಕೋಣೆಯಲ್ಲಿ ಗೂಟಕ್ಕೊಂದರಂತೆ ಬೀಜದ ಚೀಲಗಳು ನೇತಾಡುತ್ತಿದ್ದವು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಬಟ್ಟೆಯೇ ಅವಳ ಅಕ್ಷರ. ಚೌಕಡಿ ಬಟ್ಟೆಯಲ್ಲಿ ಮುಂಗಾರಿ ಜೋಳ, ಅಪ್ಪನ ಹಳೆಯ ರುಮಾಲಿನಲ್ಲಿ ಹಿಂಗಾರಿ ಜೋಳ, ಹರಿದ ಇಳಕಲ್ ಸೆರಗಿನಲ್ಲಿ ಹೀರೆ, ಸೋರೆ. ನಾನು ಕತ್ತಲಲ್ಲಿ ಆ ಕೋಣೆ ಹೊಕ್ಕು, ಬಟ್ಟೆ ಮುಟ್ಟಿಯೇ ಶೇಂಗಾದ ಚೀಲ ಯಾವುದೆಂದು ಹೇಳುತ್ತಿದ್ದೆ. ಶಾಲೆಯಲ್ಲಿ ಮಗ್ಗಿ ಬಾರದವಳಿಗೆ ಈ ಜಾಣತನ ಚೆನ್ನಾಗಿತ್ತು.

ಒಂದು ಸಲ ನಮ್ಮ ಸೋದರಮಾವ ಸಂತೆಗೆ ಹೊರಟವನು ಚೀಲ ಬೇಕೆಂದು ಎರಡೂ ಜೋಳವನ್ನು ಒಂದೇ ಬುಟ್ಟಿಗೆ ಸುರಿದ. "ಜೋಳ ಜೋಳಾನ ಅಲ್ಲೇನಕ್ಕ" ಎಂದ. ನೋಡಲು ಎರಡೂ ಒಂದೇ, ನಿಜ. ಅವ್ವ ಜಗಳ ಆಡಲಿಲ್ಲ. ಬುಟ್ಟಿ ಎತ್ತಿಕೊಂಡು ಬೀಸುವ ಕಲ್ಲಿನ ಮುಂದೆ ಕೂತಳು. "ಗುರ್ತ ತಪ್ಪಿದ ಬೀಜ ಬಿತ್ತೂದಲ್ಲಪ್ಪ, ತಿನ್ನೂದು" ಎಂದಳು. ಆ ವರ್ಷ ಬಿತ್ತನೆಗೆ ಪಕ್ಕದ ಮನೆಯಿಂದ ಬೀಜ ತಂದರು. ಆ ಹಿಟ್ಟಿನ ರೊಟ್ಟಿಯನ್ನು ಎಲ್ಲರಿಗಿಂತ ಹೆಚ್ಚು ತಿಂದವನು ಸೋದರಮಾವನೇ. ತಪ್ಪು ಮಾಡಿದವರಿಗೆ ಹಸಿವು ಜಾಸ್ತಿ.

ಇರಲಿ, ಮೊಮ್ಮಗಳ ಮಾತಿಗೆ ಬರುತ್ತೇನೆ. ಶ್ರಾವಣಿ ವಸಂತನ ಒಬ್ಬಳೇ ಮಗಳು. ಕಲ್ಲಿನ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾಳೆ. ಬಿಬವೇವಾಡಿಯ ಕಾಯಿಪಲ್ಲೆ ಮಂಡಿಯಲ್ಲಿ ನಾನು ಹಾಗೆಂದಾಗ ಒಬ್ಬಾಕೆ ಮರುದಿನ ತನ್ನ ಗಂಡನ ಮೂತ್ರಕೋಶದ ರಿಪೋರ್ಟ್ ಹಿಡಿದುಕೊಂಡು ಬಂದಳು. ಆ ಕಲ್ಲಲ್ಲ ತಾಯಿ ಎಂದು ಕಳಿಸಬೇಕಾಯಿತು.

ಶ್ರಾವಣಿ ಹುಡುಕುವುದು ಬ್ರೇಕಿಯೋಪಾಡ್ ಎಂಬ ಜೀವಿಯ ಚಿಪ್ಪು. ಸಮುದ್ರದ ತಳದಲ್ಲಿ ಬದುಕಿ, ಸತ್ತು, ಮಣ್ಣಿನೊಳಗೆ ಹೂತು ಕಲ್ಲಾದದ್ದು. ಅದನ್ನು ಅವಳು ಹಿಮಾಚಲದ ಸ್ಪಿತಿ ಎಂಬಲ್ಲಿಗೆ ಹೋಗಿ, ಉಸಿರು ಕಟ್ಟುವ ಎತ್ತರದಲ್ಲಿ, ಸುತ್ತಿಗೆ ಹಿಡಿದು ಕೀಳುತ್ತಾಳೆ.

"ಸಮುದ್ರದ್ದು ಹಿಮಾಲಯ ಹೆಂಗ ಹತ್ತಿತು?" ಎಂದು ಕೇಳಿದ್ದೆ.

"ಅದು ಹತ್ತಿಲ್ಲಜ್ಜಿ. ಸಮುದ್ರದ ತಳಾನ ಎದ್ದ ಮ್ಯಾಲೆ ಹೋಗೇದ."

"ತಿನ್ನಾಕ ಬರ್ತಿತ್ತೇನು?"

"ತಿನ್ನಾಕ ಆಗ ಮನಶ್ಯಾರ ಇದ್ದಿದ್ದಿಲ್ಲ."

ಚಿಪ್ಪನ್ನು ನಾನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಮ್ಮ ಕಪ್ಪೆಚಿಪ್ಪಿನ ಎರಡು ಹೋಳು ಒಂದಕ್ಕೊಂದು ಸರಿಜೋಡಿ, ಆದರೆ ಒಂದೊಂದು ಹೋಳೂ ಸೊಟ್ಟ. ಇದರದು ತಿರುವುಮುರುವು. ಮೇಲಿನ ಮುಚ್ಚಳ ಒಂದು ಥರ, ಕೆಳಗಿನದು ಇನ್ನೊಂದು ಥರ, ಆದರೆ ಯಾವುದಕ್ಕೇ ನಡುವೆ ಗೆರೆ ಎಳೆದರೂ ಎಡಬಲ ಒಂದೇ ಸಮ. ಇಬ್ಬರ ಸ್ವಭಾವ ಬೇರೆ ಬೇರೆ, ಆದರೂ ಇಬ್ಬರೂ ನೆಟ್ಟಗಿರುವ ದಂಪತಿಯ ಹಾಗೆ. ಅಂಥ ಜೋಡಿಯನ್ನು ಚಿಪ್ಪಿನಲ್ಲಿ ಬಿಟ್ಟರೆ ನಾನು ಬೇರೆಲ್ಲೂ ಕಂಡಿಲ್ಲ. ಕೆಲವು ಚಿಪ್ಪಿಗೆ ಪತಂಗದಂತೆ ಎರಡೂ ಕಡೆ ರೆಕ್ಕೆ, ಮೈತುಂಬ ಸೀರೆಯ ನಿರಿಗೆಯಂಥ ಗೆರೆ.

ಇವುಗಳ ಕಾಲವನ್ನು ಪರ್ಮಿಯನ್ ಎನ್ನುತ್ತಾರೆ. ಎಷ್ಟು ವರ್ಷದ ಹಿಂದೆ ಎಂದು ಅವಳು ಹೇಳಿದ ಲೆಕ್ಕ ನನ್ನ ತಲೆಗೆ ಹಿಡಿಯಲಿಲ್ಲ. ಚಿಪ್ಪು ನೋಡಿ ಕಲ್ಲಿನ ವಯಸ್ಸು ಹೇಗೆ ಹೇಳುತ್ತೀ ಎಂದಾಗ ಮಾತ್ರ ನನಗೆ ತಿಳಿಯುವ ಹಾಗೆ ಹೇಳಿದಳು.

"ಇಳಕಲ್ ಸೀರಿ ಉಟ್ಟಾಕಿ ಫೋಟೋ ತೋರ್ಸಿದ್ರ ಯಾವ ಕಾಲದ್ದಂತ ಹೇಳ್ತಿ ಏನಜ್ಜಿ?"

"ಹೆಂಗ ಹೇಳಲಿ. ನಮ್ಮಜ್ಜಿನೂ ಉಟ್ಟಾಳ, ನಾನೂ ಉಟ್ಟೀನಿ."

"ಮತ್ತ ಬುಗ್ಗಿ ತೋಳಿನ ಜಂಪರ್?"

"ಅದು ನಾವು ಧಾರವಾಡದಾಗ ಇದ್ದಾಗ, ನಿಮ್ಮಪ್ಪ ಹುಟ್ಟೂ ಮುಂದ ಬಂತು, ಅವ ನಡಿಯಾಕ ಕಲಿಯೂದ್ರಾಗ ಹೋತು."

"ಧಾರವಾಡದಾಗ ಅಷ್ಟ?"

"ಇಲ್ಲಿ ಪುಣೆದಾಗೂ ಇತ್ತಂತ. ಎಲ್ಲಾರಿಗೂ ಒಮ್ಮೆಲೆ ಹುಚ್ಚ ಹಿಡದಿತ್ತು."

"ಹಂಗಾದ್ರ ಧಾರವಾಡದ್ದೊಂದು ಫೋಟೋ, ಪುಣೆದ್ದೊಂದು ಫೋಟೋ, ಎರಡರಾಗೂ ಬುಗ್ಗಿ ತೋಳ ಇದ್ರ?"

"ಎರಡೂ ಒಂದ ಕಾಲದ್ದು."

"ನನ್ನ ಕೆಲಸ ಅಷ್ಟ ನೋಡು."

ಅಲ್ಲಿ ಎರಡು ಕಣಿವೆಗಳಿವೆ, ಒಂದಕ್ಕೊಂದು ದೂರ. ಎರಡರಲ್ಲೂ ಕಲ್ಲು ಪದರ ಪದರವಾಗಿ ಏರಿದೆ. ಇಲ್ಲಿಯ ಯಾವ ಪದರಕ್ಕೆ ಅಲ್ಲಿಯ ಯಾವ ಪದರ ಸಮವಯಸ್ಸು ಎಂದು ಅವಳು ಹೇಳಬೇಕು. ಒಂದು ಕಣಿವೆಯ ಚಿಪ್ಪು ಮೊದಲೇ ತಂದು ಕಾಲೇಜಿನ ಕಪಾಟಿನಲ್ಲಿ ಇಟ್ಟಿದ್ದಳು. ಹೋದ ವರ್ಷ ಇನ್ನೊಂದು ಕಣಿವೆಗೆ ಹೊರಟಾಗ ನನ್ನ ಹತ್ತಿರ ಗಟ್ಟಿ ಚೀಲ ಕೇಳಿದಳು. ನಾನು ಅವ್ವನ ಪದ್ಧತಿಯಲ್ಲೇ ಒಂದೊಂದು ಪದರಕ್ಕೆ ಒಂದೊಂದು ಬಣ್ಣದ ಚೀಲ ಹೊಲಿದು ಕೊಟ್ಟೆ. ಅಲ್ಲಿಯ ಕಲ್ಲೆಲ್ಲ ಒಂದೇ ಬೂದಿ ಬಣ್ಣ. ಯಾವುದು ಕೆಳಗಿನದು, ಯಾವುದು ಮೇಲಿನದು ಎಂದು ಹೇಳಲು ಇದ್ದದ್ದು ಆ ಚೀಲ, ಮತ್ತು ಕಲ್ಲಿನ ಮೇಲೆ ಅವಳು ಪೆನ್ನಿನಿಂದ ಹಾಕಿದ ನಂಬರು. ಗಿಳಿಹಸಿರು ಚೀಲದ ಪದರ ಎಲ್ಲಕ್ಕಿಂತ ಮುಖ್ಯ. ರೆಕ್ಕೆಯ ಚಿಪ್ಪು ಅಲ್ಲಿಗೆ ಮುಗಿಯುತ್ತದೆ, ಅದರಿಂದ ಮೇಲೆ ಬೇರೆ ಜಾತಿ ಶುರು. ಆ ಪದರ ಸಿಕ್ಕಿದರೆ ಎರಡು ಕಣಿವೆಗೂ ಗಂಟು ಬಿತ್ತು. ಹಸಿರು ಚೀಲ ಸಿಕ್ಕಿದೆ ಎಂದು ಅವಳು ಬೆಟ್ಟದಿಂದ ಫೋನು ಮಾಡಿ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅದೇ ಫೋನಿನಲ್ಲಿ ವಸಂತ, "ದೀಪಾವಳಿಗೆ ಬರಾಕತ್ತಿಯಲ್ಲ, ಕಿಲ್ಲಾಕ್ಕ ನಾಕ ಚಪ್ಪಟಿ ಕಲ್ಲ ತೊಗೊಂಡ ಬಾ" ಎಂದ. ಅವಳು ನಕ್ಕು, "ತರ್ತೀನಿ ಪಪ್ಪಾ, ಹಿಮಾಲಯಾನ ತರ್ತೀನಿ" ಎಂದಳು. ಅವಳಿಗೆ ಅದು ತಮಾಷೆ. ಅವನಿಗೆ ಅದು ಆರ್ಡರ್ ಬುಕ್ ಆದ ಹಾಗೆ.

ಪುಣೆಯ ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಇಲ್ಲಿ ದೀಪಾವಳಿ ಬಂತೆಂದರೆ ಮಕ್ಕಳು ಅಂಗಳದಲ್ಲಿ ಕಲ್ಲು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಬುರುಜು, ಮೆಟ್ಟಿಲು, ಮಹಾದ್ವಾರ, ತುದಿಗೆ ಇಲ್ಲಿಯವರು ದೇವರಂತೆ ಕಾಣುವ ಮರಾಠಾ ಮಹಾರಾಜರ ಸಣ್ಣ ಮೂರ್ತಿ. ಇಳಿಜಾರಿಗೆ ಸಾಸಿವೆ ಉದುರಿಸಿ ನೀರು ಚಿಮುಕಿಸಿದರೆ ಹುಲ್ಲಿನಂತೆ ಮೊಳಕೆ ಬರುತ್ತದೆ. ವಸಂತ ಸಣ್ಣವನಿದ್ದಾಗ ನಾವು ಬಾಡಿಗೆಗಿದ್ದ ವಠಾರದಂಥ ವಾಡೆಯ ಹುಡುಗರು, ಕಾನಡಿ, ಅಂದರೆ ಕನ್ನಡದ ಹುಡುಗನೆಂದು ಇವನಿಗೆ ಮಣ್ಣು ಹೊರಲು ಮಾತ್ರ ಬಿಡುತ್ತಿದ್ದರು, ಕಟ್ಟಲು ಬಿಡುತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಈಗ ಸೊಸೈಟಿಯ ಕಿಲ್ಲೆಗೆ ಇವನೇ ಮುಖ್ಯಸ್ಥ, ಮಕ್ಕಳು ಮಣ್ಣು ಹೊರುತ್ತವೆ.

ಇವನೇನು ದಡ್ಡನಲ್ಲ. ಚಾಕಣದ ಒಂದು ಕಾರಖಾನೆಯಲ್ಲಿ ಕಾರಿನ ಬಿಡಿಭಾಗ ಪರೀಕ್ಷೆ ಮಾಡುವವನು. ನಂಬರಿನ ಚೀಟಿ ಇಲ್ಲದ ಒಂದು ಬೋಲ್ಟನ್ನೂ ಒಳಗೆ ಬಿಡುವುದಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ನಮಗೆ ಅನ್ನ ಇಳಿಯದ ಹಾಗೆ ಮಾಡಿದ್ದಾನೆ.

ಶ್ರಾವಣಿ ದೀಪಾವಳಿಗೆ ಮುಂಚೆ ಬಂದಳು, ಮೈಯಲ್ಲಿ ಕೆಂಡದಂಥ ಜ್ವರ ಹೊತ್ತುಕೊಂಡು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಚೀಲಗಳನ್ನು ಕೆಳಗೆ ಪಾರ್ಕಿಂಗಿನ ಮೆಟ್ಟಿಲಡಿ ಇಟ್ಟು, ಬೆನ್ನಿನ ಬ್ಯಾಗಿನೊಂದಿಗೆ ಮೇಲೆ ಬಂದು ಮಲಗಿದವಳು ವಾರದವರೆಗೆ ಏಳಲಿಲ್ಲ. ಸೊಸೆ ಗಂಜಿ ಕುಡಿಸುತ್ತಿದ್ದಳು, ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ವಸಂತ ಮಾತ್ರ ರಜೆ ಹಾಕಿ ಕೆಳಗೇ ಇರುತ್ತಿದ್ದ. ಮಗಳ ಚಿಂತೆಯಲ್ಲಿ ಮನೆಯೊಳಗೆ ಕೂರಲಾರ ಪಾಪ ಎಂದುಕೊಂಡಿದ್ದೆ. ಕೆಲವೊಮ್ಮೆ ನಾನೂ ಮನುಷ್ಯರನ್ನು ಒಳ್ಳೆಯವರೆಂದು ತಿಳಿಯುತ್ತೇನೆ.

ಜ್ವರ ಇಳಿದ ಬೆಳಿಗ್ಗೆ ನಾನು ಬಾಲ್ಕನಿಗೆ ಹೋದರೆ, ಹಗ್ಗದ ಮೇಲೆ ನನ್ನ ಚೀಲಗಳು ಸಾಲಾಗಿ ಒಣಗುತ್ತಿದ್ದವು. ಕೆಂಪು, ಚೌಕಡಿ, ಗಿಳಿಹಸಿರು. ತೊಳೆದು, ಕ್ಲಿಪ್ಪು ಹಾಕಿ.

"ವಸಂತ್ಯಾ, ಇದರಾಗಿನ ಕಲ್ಲ ಎಲ್ಲವ?"

"ಕೆಳಗ ಬಂದ ನೋಡವ್ವಾ" ಎಂದ. ಮುಖದಲ್ಲಿ ಏನು ಕಳೆ.

ಮೊಣಕಾಲು ಹಿಡಿದುಕೊಂಡು ಇಳಿದೆ. ಕಿಲ್ಲೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಕೊಂಢವಾ ಕಡೆ ಕಟ್ಟಡದ ಪಾಯ ತೋಡುವಲ್ಲಿಂದ ತಂದ ಮುರುಮಿನ ಒರಟು ಮಣ್ಣು, ಮೇಲೆ ಕೆಮ್ಮಣ್ಣಿನ ಸಾರಣೆ, ಬೆರಳುದ್ದ ಸಾಸಿವೆಯ ಮೊಳಕೆ. ಗೋಡೆಗಳು ಬೂದಿ ಕಲ್ಲಿನವು, ಸಾಲು ಹಿಡಿದು ಕೂತಿದ್ದವು. ಮಹಾದ್ವಾರದ ಎರಡೂ ಕಡೆ ದ್ವಾರಪಾಲಕರ ಜಾಗದಲ್ಲಿ ರೆಕ್ಕೆ ಚಾಚಿದ ಎರಡು ಚಿಪ್ಪು. ಪುಣೆಯ ಸುತ್ತಲಿನ ಕಲ್ಲೆಲ್ಲ ಬೆಂಕಿಯಿಂದ ಹರಿದು ಬಂದ ಕರಿಗಲ್ಲು, ಅದರಲ್ಲಿ ಹುಡುಕಿದರೂ ಇಂಥ ಚಿಪ್ಪು ಸಿಗದು ಎಂದು ಶ್ರಾವಣಿ ಹೇಳಿದ್ದಳು. ಅದಕ್ಕೇ ಇವನಿಗೆ ಅಷ್ಟು ಚಂದ ಕಂಡಿರಬೇಕು.

ಮೇಲೆ ಹೋಗಿ ಮೊಮ್ಮಗಳನ್ನು ಎಬ್ಬಿಸಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ನಿನ್ನ ಕಲ್ಲೆಲ್ಲ ನಿಮ್ಮಪ್ಪ ಕಿಲ್ಲಾಕ್ಕ ಹಾಕ್ಯಾನ. ಎದ್ದ ಬಾ."

ಅವಳು ಶಾಲು ಹೊದ್ದು ಕೆಳಗೆ ಬಂದಳು. ಕಿಲ್ಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಗೋಡೆಯ ಕಲ್ಲನ್ನು ಬೆರಳಿನಿಂದ ಒರೆಸಿದಳು. ಮಣ್ಣಿನಡಿ ಅರ್ಧ ಅಳಿಸಿದ ನಂಬರು. ವಸಂತನಿಗೆ ಆಗ ಗೊತ್ತಾಯಿತು. ಕೈಯಲ್ಲಿದ್ದ ನೀರಿನ ಝಾರಿಯನ್ನು ಮೆಲ್ಲಗೆ ಕೆಳಗಿಟ್ಟ.

"ನೀನ ತರ್ತೀನಿ ಅಂದಿದ್ದಿ" ಎಂದ.

"ಅಂದಿದ್ದೆ" ಎಂದಳು ಅವಳು. "ಪಪ್ಪಾ, ಇದನ್ನ ಈಗ ಬಿಚ್ಚಬೇಕು."

ಆ ಸಂಜೆಗೇ ಸುತ್ತಲಿನ ಸೊಸೈಟಿಗಳ ಕಿಲ್ಲೆ ಸ್ಪರ್ಧೆ. ತೀರ್ಪು ಕೊಡುವ ಪಂಚರು ಬರುವವರಿದ್ದರು. ಮಕ್ಕಳೆಲ್ಲ ಬಂದು ಸುತ್ತ ನಿಂತವು. ವಸಂತ, "ಇವತ್ತೊಂದ ದಿನ ತಡಿ. ನಾಳೆ ಮುಂಜಾನೆ ನಾನ ಬಿಚ್ಚಿ ಕೊಡ್ತೀನಿ" ಎಂದ.

"ನೀವು ಸಾಸಿವಿಗೆ ನೀರ ಹಾಕಿದಂಗೆಲ್ಲ ನಂಬರ್ ಹೋಗಾಕತ್ತಾವ. ನಾಳೆ ಏನ ಉಳೀತದ?"

ಸೊಸೈಟಿಯ ಚೇರ್ಮನ್ ದೇಶಪಾಂಡೆ ಮಧ್ಯೆ ಬಂದರು. "ಆಜಿ, ಸಂಧ್ಯಾಕಾಳಪರ್ಯಂತ ಥಾಂಬಾ ಕೀ" ಎಂದು ನನಗೇ ಹೇಳಿದರು, ಸಂಜೆಯವರೆಗೆ ತಡೆಯಿರಿ ಎಂದು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಇಬ್ಬರಿಗೂ ಮೊದಲ ಕಲ್ಲು ಕೀಳಲು ಮನಸ್ಸಿಲ್ಲ, ಅವನಿಗೆ ಕಿಲ್ಲೆಯ ಮೋಹ, ಅವಳಿಗೆ ಅಪ್ಪನ ಮೋಹ. ಹೀಗೆ ನಿಂತರೆ ಸಂಜೆ ತಾನಾಗಿಯೇ ಆಗುತ್ತದೆ.

ನಾನು ಮಹಾರಾಜರ ಮೂರ್ತಿಯನ್ನು ಎರಡೂ ಕೈಯಿಂದ ಎತ್ತಿ ದೇಶಪಾಂಡೆಯವರ ಕೈಗೆ ಕೊಟ್ಟೆ. ಮಹಾರಾಜರಿಗೆ ಧಕ್ಕೆ ಆಗಬಾರದು, ನಾವು ಪುಣೆಯಲ್ಲಿ ಬಾಳಬೇಕು. ಆಮೇಲೆ ಮಣ್ಣು ಕೆದಕುವ ಕುರ್ಪಿ ತೆಗೆದುಕೊಂಡು ಮಹಾದ್ವಾರದ ಬುಡದ ಕಲ್ಲು ಕಿತ್ತೆ. ದ್ವಾರ ಕುಸಿಯಿತು. ಮಕ್ಕಳು ಓ ಎಂದವು. ವಸಂತ ಕಣ್ಣು ಮುಚ್ಚಿದ.

"ಕಣ್ಣ ತಗದ ಬಕೆಟ್ ತೊಗೊಂಡ ಬಾ" ಎಂದೆ.

ತಂದ. ಕೂತ. ಅಲ್ಲಿಂದ ಅವನೇ ಕೆಲಸ ಹಿಡಿದ, ಅದನ್ನೂ ಹೇಳಬೇಕು. ಒಂದೊಂದು ಚೀಲ ಖಾಲಿ ಮಾಡಿದಾಗಲೂ ಸೊಸೈಟಿಯ ಗ್ರೂಪಿಗೆ ಫೋಟೋ ಹಾಕಿದ್ದನಂತೆ. ಈಗ ಫೋನು ಹಿಡಿದು, ಪಾಯದ ಸಾಲು ಚೌಕಡಿ ಚೀಲದ್ದು, ಎಡ ಬುರುಜು ಕೆಂಪು ಚೀಲದ್ದು ಎಂದು ತೋರಿಸಿದ. ಶ್ರಾವಣಿ ಬೆಟ್ಟ ಅಗೆದ ಹಾಗೆಯೇ ಮೇಲಿಂದ ಸಾಲು ಸಾಲಾಗಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಒತ್ತಿ ನೋಡುತ್ತ ಹೋದಳು. ತಿಕ್ಕಬಾರದು ಎಂದಳು. ನಂಬರು ಓದಲು ಬಂದರೆ ಚೀಲಕ್ಕೆ. ಫೋಟೋದಲ್ಲಿ ಸಾಫ್ ಕಂಡರೆ ಚೀಲಕ್ಕೆ. ಎರಡೂ ಇಲ್ಲದಿದ್ದರೆ ಬಕೆಟಿಗೆ.

ಚೌಕಡಿ ಚೀಲ ತುಂಬಿತು. ಕೆಂಪು ಚೀಲವೂ ಹೆಚ್ಚುಕಡಿಮೆ ತುಂಬಿತು. ಗಿಳಿಹಸಿರು ಚೀಲ ನನ್ನ ಮಡಿಲಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಅದರ ಕಲ್ಲುಗಳಲ್ಲಿ ಚಿಪ್ಪು ಚಂದವೆಂದು ಇವನು ದ್ವಾರಕ್ಕೆ, ಬುರುಜಿಗೆ, ಮೆಟ್ಟಿಲಿಗೆ, ಮತ್ತೆ ದ್ವಾರಕ್ಕೆ ಎಂದು ಎತ್ತಿ ಎತ್ತಿ ಕೂಡಿಸಿ ನೋಡಿದ್ದ. ಎಲ್ಲಕ್ಕಿಂತ ಹೆಚ್ಚು ನೀರು ಬಿದ್ದದ್ದೂ ಅಲ್ಲೇ.

ವಸಂತ ಬಕೆಟಿನಿಂದ ಒಂದು ರೆಕ್ಕೆಯ ಚಿಪ್ಪು ಎತ್ತಿದ. "ಇದು ಹಸರ ಚೀಲದ್ದ ಇರಬೇಕಲ್ಲ. ರೆಕ್ಕಿ ಇದ್ದದ್ದು ಆ ಪದರದಾಗ ಇರ್ತದಂತ ನೀನ ಹೇಳಿದ್ದಿ. ಹಸರ ಚೀಲಕ್ಕ ಹಾಕು, ನಂಬರ್ ಬರಿ. ಯಾರು ಕೇಳ್ತಾರ?"

"ಕೆಳಗಿನ ಪದರದಾಗೂ ಅದು ಅದ ಪಪ್ಪಾ. ಎಲ್ಲಿಗೆ ಮುಗೀತು ಅನ್ನೂದ ನಾ ಹೇಳಬೇಕಾದ್ದು. ಚಿಪ್ಪು ನೋಡಿ ಪದರ ನಾನ ಹೇಳಿದ್ರ, ಆಮೇಲೆ ಆ ಪದರಾ ತೋರ್ಸಿ ಚಿಪ್ಪಿನ ಕಾಲ ಹೆಂಗ ಹೇಳಲಿ?"

"ನಿನಗ ಖಾತ್ರಿ ಅದ ಅಲ್ಲ?"

"ಚೀಟಿ ಇಲ್ಲದ ಪಾರ್ಟ್ ಬಂದ್ರ, ಅದು ಯಾವ ಗಾಡಿದಂತ ನಿಮಗ ಖಾತ್ರಿ ಇದ್ರ, ಲೈನಿಗೆ ಬಿಡ್ತೀರೇನು?"

ವಸಂತ ಚಿಪ್ಪನ್ನು ಮತ್ತೆ ಬಕೆಟಿಗೆ ಹಾಕಿದ, ಎಸೆಯಲಿಲ್ಲ, ಇಟ್ಟ. ಇವನು ನನ್ನ ಮಗನೇ ಎಂದು ನನಗೆ ಆಗ ಸಮಾಧಾನವಾಯಿತು.

ಮಧ್ಯಾಹ್ನ ಅವಳು ತನ್ನ ಕಾಲೇಜಿನ ಮಾಸ್ತರರಿಗೆ ಫೋನು ಮಾಡಿದಳು. ಆ ಪದರ ಬಿಟ್ಟು ಉಳಿದದ್ದನ್ನು ಬರೆದು ಮುಗಿಸು, ಸಾಕು ಎಂದರಂತೆ ಅವರು. ಒಳ್ಳೆಯ ಮನುಷ್ಯ, ಹುಡುಗಿಯ ವರ್ಷ ಹಾಳಾಗಬಾರದೆಂದು ಹೇಳಿದ್ದು. ಇವಳು ಪಾರ್ಕಿಂಗಿನಲ್ಲಿ ನಿಂತು, "ಇಲ್ಲ ಸರ್, ಗಂಟು ಬೀಳೋದು ಅಲ್ಲೇ. ಬೇಸಿಗೆಯಲ್ಲಿ ದಾರಿ ತೆರೆದ ಕೂಡಲೇ ಮತ್ತೆ ಹೋಗ್ತೀನಿ" ಎಂದಳು. ಮಾಸ್ತರರೂ ಕನ್ನಡದವರೇ, ಅವರ ಜೊತೆ ಪುಸ್ತಕದ ಕನ್ನಡ. ಶಾಲು ಜಾರಿದ್ದೂ ಅವಳಿಗೆ ಗೊತ್ತಿಲ್ಲ. ಒಂದು ವರ್ಷ ಹೋಗುತ್ತದೆ ಎಂದು ಸೊಸೆ ಕಣ್ಣೊರೆಸಿಕೊಂಡಳು. ಹೋಗಲಿ. ಆ ಚಿಪ್ಪುಗಳು ಅಷ್ಟು ಕಾಲ ಕಾದಿವೆ, ಇನ್ನೊಂದು ಬೇಸಿಗೆ ಕಾಯಲಾರವೇ.

"ಈ ಬಕೆಟ್?" ಎಂದು ವಸಂತ ಕೇಳಿದ.

ಅವ್ವನ ಬೀಸುವ ಕಲ್ಲು ನೆನಪಾಯಿತು. "ಗುರ್ತ ತಪ್ಪಿದ್ದು ಬಿತ್ತಾಕ ಬರೂದಿಲ್ಲ" ಎಂದೆ. "ಕಿಲ್ಲಾಕ್ಕ ಬರ್ತದ."

ಶ್ರಾವಣಿ ಬಕೆಟಿನಲ್ಲಿ ಕೈಯಾಡಿಸಿ, ಕಾಲೇಜಿನ ಮಕ್ಕಳಿಗೆ ತೋರಿಸಲೆಂದು ಚಂದದ ಕೆಲವು ಚಿಪ್ಪು ತೆಗೆದಿಟ್ಟಳು. ಉಳಿದದ್ದನ್ನು ಅಪ್ಪನ ಮುಂದೆ ಸರಿಸಿದಳು. ಆಮೇಲೆ ಮೇಲೆ ಹೋಗಿ ತನ್ನ ಬೆನ್ನಿನ ಬ್ಯಾಗಿನಿಂದ ಕಾಗದದಲ್ಲಿ ಸುತ್ತಿದ ಒಂದು ಚಪ್ಪಟೆ ಕಲ್ಲು ತಂದಳು. ಚಿಪ್ಪಿಲ್ಲ, ಗೆರೆಯಿಲ್ಲ, ಹಂಚಿನಂತೆ ನುಣ್ಣಗಿನದು.

"ಇದು ನಿಮ್ಮದಾಗಿತ್ತು ಪಪ್ಪಾ. ಜ್ವರದಾಗ ಕೊಡೂದ ಮರತೆ."

ವಸಂತ ಅದನ್ನು ಹಿಡಿದುಕೊಂಡು ಆಚೆ ತಿರುಗಿ ಕೂತ. ಅತ್ತನೋ, ಮುರುಮಿನ ಧೂಳು ಕಣ್ಣಿಗೆ ಬಿತ್ತೋ, ನಾನು ಬಗ್ಗಿ ನೋಡಲು ಹೋಗಲಿಲ್ಲ. ಮಕ್ಕಳನ್ನು ಕೂಡಿಸಿಕೊಂಡು ಸಂಜೆಯೊಳಗೆ ಮೊಣಕಾಲೆತ್ತರದ ಒಂದು ಗೋಡೆ ಎಬ್ಬಿಸಿದ, ಚಪ್ಪಟೆ ಕಲ್ಲನ್ನು ಹೊಸ್ತಿಲಿಗೆ ಹಾಕಿದ. ಪಂಚರು ಬಂದು ಇದು ಯಾವ ಕಿಲ್ಲೆ ಎಂದು ಕೇಳಿದರು. ಬಿದ್ದ ಕಿಲ್ಲೆ ಎಂದೆ. ಬಹುಮಾನ ಪಕ್ಕದ ಸೊಸೈಟಿಗೆ ಹೋಯಿತು. ಅವರ ಕಿಲ್ಲೆಯಲ್ಲಿ ಬಣ್ಣದ ದೀಪ ಇದ್ದವು, ಚಿಪ್ಪು ಇರಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿದ ಮೇಲೆ ನಾನು ವಸಂತನ ಕಪಾಟು ತೆಗೆದೆ. ಬಡ್ತಿ ಸಿಕ್ಕಾಗ ಹೊಲಿಸಿದ ಬೂದಿ ಬಣ್ಣದ ಸಫಾರಿ ಅದರಲ್ಲಿ ನೇತಾಡುತ್ತಿತ್ತು. ಹೊಟ್ಟೆ ಹಿಡಿಸದೆ ಎಷ್ಟೋ ವರ್ಷವಾದರೂ ಹುಳು ಹಿಡಿಯದಂತೆ ಡಾಂಬರ ಗುಳಿಗೆ ಹಾಕಿ ಕಾಯುತ್ತಿದ್ದ. ಬಟ್ಟೆ ಗಟ್ಟಿಯಿತ್ತು. ನೆಲದ ಮೇಲೆ ಹಾಸಿ ಕತ್ತರಿ ಹಾಕಿದೆ.

ಶಬ್ದ ಕೇಳಿ ಬಂದ. "ಅವ್ವಾ, ಅದು ನನ್ನ ಸಫಾರಿ."

"ಗೊತ್ತದ. ಇನ್ನ ಈ ಚೀಲ ಎಲ್ಲಿ ಕಂಡ್ರೂ ನಿನಗ ಗುರ್ತ ಸಿಗ್ತದ."

 ಅವನು ನನ್ನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟ. ಆ ಕೆಲಸ ಈಗ ನನ್ನ ಕಣ್ಣಿಗೆ ಆಗುವುದಿಲ್ಲ. ಸಫಾರಿಯ ಕಿಸೆಗಳನ್ನು ನಾನು ಬಿಚ್ಚಲಿಲ್ಲ. ಒಂದೊಂದು ಚೀಲದ ಹೊಟ್ಟೆಯ ಮೇಲೆ ಒಂದೊಂದು ಕಿಸೆ ಬರುವಂತೆ ಹೊಲಿದೆ, ನಂಬರಿನ ಚೀಟಿ ಒಳಗಿಟ್ಟು ಗುಂಡಿ ಹಾಕಲಿಕ್ಕೆ.